ಪುಂಡಿಯ ಜಾಡಿ, ನೆಲ್ಲಿಯ ಭರಣಿ

ಮೂರು ವರ್ಷಗಳ ಹಿಂದೆ, ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದ ಮಗಳ ರಕ್ತಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ 9.1 ಎಂದು ಬಂತು. ಆ ವಯಸ್ಸಿನ ಹುಡುಗಿಗೆ 12 ಇರಬೇಕು. ವೈದ್ಯರು ಮಾತ್ರೆ ಬರೆದುಕೊಟ್ಟು, ಸೊಪ್ಪು ತರಕಾರಿ ಚೆನ್ನಾಗಿ ತಿನ್ನಲಿ ಎಂದು ಹೇಳಿ ಕಳಿಸಿದರು. ಸುದ್ದಿ ಅಂದೇ ಎದುರುಮನೆಗೆ ತಲುಪಿತು. ಅಲ್ಲಿರುವ ಹಿರಿಯರನ್ನು ನನ್ನ ಹೆಂಡತಿ ಪಿನ್ನಿಗಾರು ಎಂದು ಕರೆಯುತ್ತಾಳೆ. ಮೂಲತಃ ಗುಂಟೂರು ಕಡೆಯವರು. ಸಂಜೆಯ ಹೊತ್ತಿಗೆ ಗೊಂಗೂರ ಪಚ್ಚಡಿಯ ಜಾಡಿಯೊಂದನ್ನು ತಂದು ಮೇಜಿನ ಮೇಲಿಟ್ಟು, ಇದರಲ್ಲಿರುವಷ್ಟು ಕಬ್ಬಿಣ ಇನ್ನಾವುದರಲ್ಲೂ ಇಲ್ಲವೆಂದು ತೀರ್ಪು ಕೊಟ್ಟರು. ರಾತ್ರಿ ರಾಯಚೂರಿನಿಂದ ಅವ್ವನ ಫೋನು: "ಗೊಂಗೂರ ಗೀಂಗೂರ ಎಲ್ಲಾ ಬ್ಯಾಡ. ಆ ಹುಡುಗಿಗೆ ದಿನಾ ನೆಲ್ಲಿಕಾಯಿ ತೊಕ್ಕು ತಿನಸು. ರಗತ ತಾನ ಆಗ್ತದ."

ಒಂದು ವಾರದಲ್ಲಿ ಅವ್ವನ ಭರಣಿಯೂ ಬಂದು ಜಾಡಿಯ ಪಕ್ಕದಲ್ಲಿ ಕುಳಿತಿತು. ಯಾವುದು ಹೆಚ್ಚು ಎಂಬ ಪ್ರಶ್ನೆಯೂ ಅವುಗಳ ಜೊತೆಗೇ ಬಂದು ಕುಳಿತಿತು. ಇಂಗ್ಲಿಷ್ ಸಾಹಿತ್ಯ ಓದಿ, ಕಡತಗಳ ನಡುವೆ ಸಂಸಾರ ಮಾಡುವ ನನ್ನಂಥವನಿಗೆ ಪ್ರಯೋಗಶಾಲೆಯ ದಾರಿ ಗೊತ್ತಿಲ್ಲ. ಗೊತ್ತಿರುವುದು ಹಳೆಯ ಕಡತ ತೆಗೆಯುವ ದಾರಿ ಮಾತ್ರ: ಇದನ್ನು ಮೊದಲು ಅಳೆದವರು ಯಾರು, ಯಾವಾಗ, ಏತಕ್ಕಾಗಿ? ಹಾಗೆ ಹುಡುಕುತ್ತಾ ಹೋದಂತೆ, ಈ ಎರಡು ಉಪ್ಪಿನಕಾಯಿಗಳ ಹಿಂದೆ ಹಡಗುಗಳೂ ಬರಗಾಲಗಳೂ ಒಬ್ಬ ಭೀಮವರದ ಹುಡುಗನೂ ಕಾಣಿಸತೊಡಗಿದರು.

ಮೊದಲು ಹೆಸರುಗಳ ಗೊಂದಲವನ್ನು ಮುಗಿಸಿಬಿಡುತ್ತೇನೆ. ವಿಜಯವಾಡದ ನನ್ನ ಮೊದಲ ವಾರದಲ್ಲಿ ಮೆಸ್ಸಿನವನು "ಪಚ್ಚಡಿ ಕಾವಾಲಾ" ಎಂದಾಗ ನಾನು ಸೌತೆಕಾಯಿಯ ಹಸಿ ಪಚಡಿಯನ್ನು ನಿರೀಕ್ಷಿಸಿ ದೊಡ್ಡದಾಗಿಯೇ ಹಾಕಿಸಿಕೊಂಡೆ. ತುತ್ತು ಬಾಯಿಗಿಟ್ಟ ಮೇಲೆ ಕಣ್ಣಲ್ಲಿ ನೀರು. ನಮ್ಮಲ್ಲಿ ಪಚಡಿ ಅಂದಂದಿನದು. ತೆಲುಗಿನಲ್ಲಿ ಪಚ್ಚಡಿ ಅಂದಿನದೂ ಆಗಬಹುದು, ವರ್ಷದ್ದೂ ಆಗಬಹುದು. ವರ್ಷಕ್ಕೆ ನಿಲ್ಲುವುದಾದರೆ ಅದು ‘ನಿಲ್ವ ಪಚ್ಚಡಿ’. ಕಾಯಿಯನ್ನು ನೆನೆಹಾಕಿ ಮಾಡುವುದನ್ನು ಅವರು ‘ಊರಗಾಯ’ ಎನ್ನುತ್ತಾರೆ, ಅಂದರೆ ಊರಿದ ಕಾಯಿ, ರಸದಲ್ಲಿ ನೆನೆದದ್ದು. ಕನ್ನಡ ಮಾತ್ರ ನೇರವಾಗಿ ಉಪ್ಪನ್ನೇ ಹೆಸರಿಗೆ ತಂದುಕೊಂಡಿದೆ. ಈ ಪ್ರಾಮಾಣಿಕತೆಯ ಮಹತ್ವ ನನಗೆ ಲೆಕ್ಕ ಹಾಕುವಾಗ ಅರ್ಥವಾಯಿತು; ಅದು ಮುಂದೆ ಬರುತ್ತದೆ.

ಎರಡನೆಯ ಗೊಂದಲ ಇನ್ನೂ ಸೊಗಸಾದದ್ದು. ಆಂಧ್ರರು ‘ಆಂಧ್ರಮಾತೆ’ ಎಂದು ಮೆರೆಸುವ ಗೊಂಗೂರ ನಮ್ಮ ಪುಂಡಿಯೇ. ರಾಯಚೂರು, ಕೊಪ್ಪಳ, ಕಲಬುರಗಿಯವರು ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ರೊಟ್ಟಿಯೊಡನೆ ತಿನ್ನುವ ಪುಂಡಿಪಲ್ಯದ ಎಲೆಯೇ ಗುಂಟೂರಿನಲ್ಲಿ ಎಣ್ಣೆ, ಒಣಮೆಣಸಿನಕಾಯಿಗಳ ಸಹವಾಸ ಮಾಡಿ ಜಾಡಿ ಸೇರುತ್ತದೆ. ಅವ್ವ "ಗೊಂಗೂರ ಬ್ಯಾಡ" ಎಂದಾಗ ತನ್ನ ಹೊಲದ ಬದುವಿನ ಗಿಡವನ್ನೇ ಬೇಡವೆಂದಿದ್ದಳು. ಅದನ್ನು ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, "ಪುಂಡಿ ಆದ್ರ ಪಲ್ಯ ಮಾಡ್ರಿ, ಅದನ್ಯಾಕ ಉಪ್ಪಿನಕಾಯಿ ಹಾಕ್ತೀರಿ?" ಎಂದಳು. ಈಗ ಹಿಂದಿರುಗಿ ನೋಡಿದರೆ, ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ಮಾತು ಅದೇ ಇರಬೇಕು.

ಪುಂಡಿ ದಾಸವಾಳದ ಕುಲದ್ದು. ಸಸ್ಯಶಾಸ್ತ್ರಜ್ಞರು ಹೈಬಿಸ್ಕಸ್ ಸಬ್ದರಿಫಾ, ಹೈಬಿಸ್ಕಸ್ ಕ್ಯಾನಾಬಿನಸ್ ಎಂದು ಎರಡಾಗಿ ಬೇರ್ಪಡಿಸುವ ಗಿಡಗಳು ಸಂತೆಯಲ್ಲಿ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಎರಡರಿಂದಲೂ ನಾರು ತೆಗೆಯಬಹುದು; ವ್ಯಾಪಾರದಲ್ಲಿ ಆ ನಾರಿಗೆ ಮೇಸ್ತಾ ಎಂದು ಹೆಸರು. 1947ರ ವಿಭಜನೆಯಲ್ಲಿ ಸೆಣಬು ಬೆಳೆಯುವ ನೆಲದ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋಗಿ, ಗಿರಣಿಗಳು ಇತ್ತ ಉಳಿದಾಗ, ಸೆಣಬಿನ ಕೊರತೆ ತುಂಬಲು ಈ ದೇಶ ಪುಂಡಿಯ ಕಡೆಗೂ ನೋಡಿತು. ಶ್ರೀಕಾಕುಳಂ, ವಿಜಯನಗರಂ ಸೀಮೆಯಲ್ಲಿ ಅದು ಇಂದಿಗೂ ನಾರಿನ ಬೆಳೆ. ಹಗ್ಗ, ಗೋಣಿಚೀಲ ಮತ್ತು ಊಟ ಮೂರನ್ನೂ ಒಂದೇ ಗಿಡ ಕೊಡುತ್ತಿದ್ದುದರಿಂದ ಬಡವರ ಹಿತ್ತಲಿನಲ್ಲಿ ಅದು ತಪ್ಪದೆ ಇರುತ್ತಿತ್ತು. ನೆಲ್ಲಿ ಹಾಗಲ್ಲ. ಅದು ಕಾಡಿನದು, ಕಾರ್ತಿಕದ್ದು. ನಮ್ಮಲ್ಲಿ ತುಳಸಿಹಬ್ಬಕ್ಕೆ ನೆಲ್ಲಿಯ ಟೊಂಗೆ ನೆಡುತ್ತಾರೆ. ಇಲ್ಲಿ ಕಾರ್ತಿಕಮಾಸದಲ್ಲಿ ಉಸಿರಿಮರದ ನೆರಳಿಗೆ ವನಭೋಜನಕ್ಕೆ ಹೋಗುತ್ತಾರೆ. ನೆಲ್ಲಿ ಹಣ್ಣೋ ತರಕಾರಿಯೋ ಎಂದು ಕೇಳುವ ಓದುಗರಿಗೆ ನನ್ನ ಉತ್ತರ ಇಷ್ಟೇ: ಕನ್ನಡ ಅದನ್ನು ಕಾಯಿ ಎಂದಿದೆ, ಅಡುಗೆಮನೆ ಕಾಯಿಯಂತೆಯೇ ನಡೆಸಿಕೊಂಡಿದೆ.

ಕಾಯಿಪಲ್ಯವನ್ನು ಕೆಡದಂತೆ ಇಡುವ ವಿದ್ಯೆಯಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. ಆಹಾರದ ಇತಿಹಾಸಕಾರ ಕೆ. ಟಿ. ಅಚ್ಚಯ್ಯನವರು ನಮ್ಮ ಕೊಳ್ಳೇಗಾಲದಲ್ಲಿ ಹುಟ್ಟಿದವರು, ಹೈದರಾಬಾದಿನಲ್ಲಿ ಎಣ್ಣೆಗಳ ರಸಾಯನ ವಿಜ್ಞಾನಿಯಾಗಿ ದುಡಿದವರು. 1594ರಲ್ಲಿ ಗುರುಲಿಂಗ ದೇಶಿಕ ಬರೆದ ಲಿಂಗಪುರಾಣದಲ್ಲಿ ಐವತ್ತಕ್ಕೆ ಕಡಿಮೆಯಿಲ್ಲದಷ್ಟು ಬಗೆಯ ಉಪ್ಪಿನಕಾಯಿಗಳಿವೆ ಎಂದು ಅವರು ಗುರುತಿಸಿದ್ದಾರೆ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದು ಇನ್ನೂ ಒಂದು ಶತಮಾನವೂ ಕಳೆದಿರದ ಕಾಲವದು. ಹಾಗಾಗಿ ಇಂದು ನಾವು ‘ಸಾಂಪ್ರದಾಯಿಕ’ ಎಂದು ಕಣ್ಣೀರು ಸುರಿಸುತ್ತಾ ತಿನ್ನುವ ಗುಂಟೂರು ಗೊಂಗೂರದ ಕೆಂಪು, ಆ ಎಲೆಯ ಹುಳಿಗಿಂತ ಬಹಳ ಕಿರಿಯದು.

ಈಗ ಎರಡೂ ಪಾಕಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ಪೌಷ್ಟಿಕತೆಯ ವ್ಯತ್ಯಾಸವೆಲ್ಲ ಇಲ್ಲಿಯೇ ಹುಟ್ಟುವುದು. ಪಿನ್ನಿಗಾರು ಪುಂಡಿಯ ಎಲೆಗಳನ್ನು ಬಿಡಿಸಿ, ತೊಳೆದು, ಹಳೆಯ ಸೀರೆಯ ಮೇಲೆ ನೆರಳಲ್ಲಿ ಹರವುತ್ತಾರೆ. ಎಲೆಯಲ್ಲಿ ನೀರಿನ ಒಂದು ಹನಿಯೂ ಉಳಿಯಕೂಡದು. ಆಮೇಲೆ ಎಣ್ಣೆಯಲ್ಲಿ ಬಾಡಿಸುತ್ತಾರೆ. ಬಾಣಲೆ ತುಂಬಿದ್ದ ಸೊಪ್ಪು ಕಪ್ಪುಹಸಿರಿನ ಒಂದು ಮುದ್ದೆಯಾಗುತ್ತದೆ. ಹುರಿದ ಮೆಣಸಿನಕಾಯಿ, ಮೆಂತ್ಯ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಿ ಜಾಡಿಗೆ ತುಂಬಿ, ಮೇಲೆ ಎಣ್ಣೆ ನಿಲ್ಲಿಸುತ್ತಾರೆ. ಅವ್ವನ ತೊಕ್ಕಿಗೆ ಒಲೆಯೇ ಬೇಡ. ನೆಲ್ಲಿಕಾಯಿಯನ್ನು ಉಪ್ಪು, ಅರಿಶಿನ ಹಾಕಿ ಜಜ್ಜಿ ಮೂರು ದಿನ ಮುಚ್ಚಿಡುವುದು. ಬೀಜ ತೆಗೆದು, ಮೆಂತ್ಯ, ಇಂಗು, ಖಾರದೊಡನೆ ರುಬ್ಬಿ ಭರಣಿಗೆ ಹಾಕುವುದು. ಒಂದು ಬೆಂಕಿಯಲ್ಲಿ ಹಾದುಬಂದದ್ದು, ಇನ್ನೊಂದು ಬೆಂಕಿ ಕಾಣದ್ದು. ಅಡುಗೆಯ ದೃಷ್ಟಿಯಿಂದ ಇದು ಸಣ್ಣ ಸಂಗತಿ. ಆದರೆ ಸಮುದ್ರದ ಇತಿಹಾಸದಲ್ಲಿ ಇದೇ ವ್ಯತ್ಯಾಸಕ್ಕೆ ಸಾವಿರಾರು ನಾವಿಕರು ಪ್ರಾಣ ತೆತ್ತಿದ್ದಾರೆ.

ವಿಶಾಖಪಟ್ಟಣದಿಂದ ಕಡಲ ದಂಡೆಯ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಭೀಮುನಿಪಟ್ಟಣ, ಜನರ ಬಾಯಲ್ಲಿ ಭೀಮಿಲಿ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಇಲ್ಲಿ ನೆಲೆಯೂರಿದ್ದರು. ಅವರ ಸ್ಮಶಾನ ಈಗಲೂ ಇದೆ. ಗೋಪುರದಂಥ ಗೋರಿಗಳ ಮೇಲೆ ಕಡಲಗಾಳಿ ಅಕ್ಷರಗಳನ್ನು ಸವೆಸುತ್ತಿದೆ. ರಜೆಯ ದಿನ ಅಲ್ಲಿಗೆ ಹೋದಾಗಲೆಲ್ಲ ಇಲ್ಲಿಗೆ ತಲುಪಿ ಸತ್ತವರಿಗಿಂತ ತಲುಪದೆ ಸತ್ತವರ ನೆನಪಾಗುತ್ತದೆ. ತಿಂಗಳುಗಟ್ಟಲೆ ಒಣರೊಟ್ಟಿ, ಉಪ್ಪುಮಾಂಸಗಳ ಮೇಲೆ ಬದುಕುತ್ತಿದ್ದ ನಾವಿಕರಿಗೆ ಒಸಡು ಊದಿ, ಹಲ್ಲು ಸಡಿಲಾಗಿ, ಹಳೆಯ ಗಾಯಗಳು ಮತ್ತೆ ಬಾಯಿಬಿಡುತ್ತಿದ್ದವು. ಸ್ಕರ್ವಿ ಯುದ್ಧಗಳಿಗಿಂತ ಹೆಚ್ಚು ನಾವಿಕರನ್ನು ನುಂಗಿತು. 1652ರಲ್ಲಿ ಡಚ್ಚರು ಆಫ್ರಿಕಾದ ತುದಿಯ ಕೇಪ್‌ನಲ್ಲಿ ತಂಗುದಾಣ ಕಟ್ಟಿ ತೋಟ ಹಾಕಿದ್ದು ಪೂರ್ವಕ್ಕೆ ಬರುವ ತಮ್ಮ ಹಡಗುಗಳಿಗೆ ಹಸಿ ತರಕಾರಿ ಒದಗಿಸಲೆಂದೇ.

1747ರ ಮೇ ತಿಂಗಳಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗುವೈದ್ಯ ಸ್ಯಾಲಿಸ್‌ಬರಿ ನೌಕೆಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ವಾರದೊಳಗೆ ಎದ್ದು ಕುಳಿತರು. ಈ ಕತೆ ಶಾಲಾ ಪುಸ್ತಕಗಳಲ್ಲಿದೆ. ಅದರ ಮುಂದಿನ ಭಾಗ ಅಷ್ಟಾಗಿ ಯಾರ ನೆನಪಿನಲ್ಲೂ ಇರುವುದಿಲ್ಲ. ನಿಂಬೆಹಣ್ಣನ್ನು ದೂರಯಾನಕ್ಕೆ ಒಯ್ಯುವುದು ಹೇಗೆಂದು ಯೋಚಿಸಿದ ಲಿಂಡ್, ರಸವನ್ನು ಗಂಟೆಗಟ್ಟಲೆ ಬಿಸಿಮಾಡಿ ಇಳಿಸಿ, ಜೇನಿನಂತೆ ಗಟ್ಟಿಯಾದ ಪಾಕವನ್ನು ಸೀಸೆಯಲ್ಲಿಡುವಂತೆ ಸಲಹೆ ಕೊಟ್ಟ. ಹಣ್ಣಿನಲ್ಲಿದ್ದ ಮದ್ದು ಆ ಬಿಸಿಯಲ್ಲೇ ಬಹುಪಾಲು ಹೋಯಿತು. ತಾನೇ ಕಂಡುಕೊಂಡದ್ದನ್ನು ಕೆಡದಂತೆ ಇಡಲು ಹೋಗಿ ತಾನೇ ಕೆಡಿಸಿದವನು ಲಿಂಡ್. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ನಾವಿಕರಿಗೆ ಕಡ್ಡಾಯವಾಗಿ ಕೊಡಲಾರಂಭಿಸಿದ್ದು 1795ರಲ್ಲಿ, ಪ್ರಯೋಗ ನಡೆದು ಸುಮಾರು ಅರ್ಧ ಶತಮಾನವಾದ ಮೇಲೆ. ಇದೇ ಅವಧಿಯಲ್ಲಿ ಕ್ಯಾಪ್ಟನ್ ಕುಕ್ ಬೇಯಿಸದ, ಉಪ್ಪಿನಲ್ಲಿ ಹುಳಿಸಿದ ಎಲೆಕೋಸನ್ನು ಪೀಪಾಯಿಗಟ್ಟಲೆ ಹೇರಿಕೊಂಡು ಹೋದ. ನಾವಿಕರು ಮುಟ್ಟದಿದ್ದಾಗ ಅಧಿಕಾರಿಗಳ ಮೇಜಿಗೆ ಮಾತ್ರ ಬಡಿಸುವಂತೆ ಮಾಡಿದ. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಮೇಲಧಿಕಾರಿಯ ತಟ್ಟೆಯಲ್ಲಿರುವುದೇ ರುಚಿ ಎಂಬ ನಿಯಮ ನಮ್ಮ ಇಲಾಖೆಗಳ ಆವಿಷ್ಕಾರವೇನಲ್ಲ.

ಮದ್ದಿನ ಹೆಸರು ವಿಟಮಿನ್ ಸಿ ಎಂದು ಖಚಿತವಾದದ್ದು 1930ರ ದಶಕದ ಆರಂಭದಲ್ಲಿ. ಅದು ನೀರಿನಲ್ಲಿ ಕರಗುತ್ತದೆ, ಶಾಖಕ್ಕೂ ಗಾಳಿಗೂ ಹೆದರುತ್ತದೆ. ಹಾಗಿದ್ದ ಮೇಲೆ ಒಣಗಿಸಿದ ನೆಲ್ಲಿ, ಲೇಹ್ಯದ ನೆಲ್ಲಿ, ಉಪ್ಪಿನ ನೆಲ್ಲಿ ಇವುಗಳಲ್ಲೆಲ್ಲ ಏನು ಉಳಿದೀತು? 1936ರಲ್ಲಿ ದಾಮೋದರನ್ ಮತ್ತು ನಾಯರ್ ಎಂಬ ಇಬ್ಬರು ಸಂಶೋಧಕರು ಬಯೋಕೆಮಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಉತ್ತರ ಕೊಟ್ಟಿತು: ನೆಲ್ಲಿಯ ಒಗರಿಗೆ ಕಾರಣವಾದ ಟ್ಯಾನಿನ್, ಅದರ ವಿಟಮಿನ್ನನ್ನು ನಾಶವಾಗದಂತೆ ಕಾಯುತ್ತದೆ. ಮೊದಲು ಒಗರು, ಆಮೇಲೆ ಸಿಹಿ ಎಂದು ನಾವು ಗಾದೆಯಾಗಿಸಿಕೊಂಡ ಆ ಒಗರೇ ಕಾವಲುಗಾರ. ಇದು ಬರಿಯ ಪ್ರಯೋಗಶಾಲೆಯ ಮಾತಾಗಿ ಉಳಿಯಲಿಲ್ಲ. 1939-40ರಲ್ಲಿ ಪಂಜಾಬಿನ ಹಿಸ್ಸಾರ್ ಸೀಮೆಯಲ್ಲಿ ಬರ ಬಿದ್ದು ಪರಿಹಾರ ಶಿಬಿರಗಳಲ್ಲಿ ಸ್ಕರ್ವಿ ಕಾಣಿಸಿಕೊಂಡಾಗ ಜನರಿಗೆ ಕೊಟ್ಟದ್ದು ನೆಲ್ಲಿಯನ್ನು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕರಿಗೂ ನೆಲ್ಲಿಪುಡಿಯ ಮಾತ್ರೆಗಳು ಹೋದವು. ಬೆಂಕಿ ಕಾಣದ, ಹುಳಿ ಮತ್ತು ಉಪ್ಪಿನ ಆಶ್ರಯದಲ್ಲಿರುವ ಅವ್ವನ ತೊಕ್ಕು ಈ ಪರಂಪರೆಗೆ ಸೇರಿದ್ದು. ಪಿನ್ನಿಗಾರು ಬಾಣಲೆಗೆ ಹಾಕಿದ ಗೊಂಗೂರ, ವಿಟಮಿನ್ ಸಿಯ ಮಟ್ಟಿಗೆ, ಲಿಂಡ್‌ನ ಪಾಕದ ಸಂಬಂಧಿ.

ಇಲ್ಲಿಗೆ ಅವ್ವ ಗೆದ್ದಳೆಂದು ಬರೆದು ಮುಗಿಸಬಹುದಿತ್ತು. ಆದರೆ ಮಗಳಿಗೆ ಇದ್ದದ್ದು ಸ್ಕರ್ವಿಯಲ್ಲ, ರಕ್ತಹೀನತೆ. ಅದರ ಇತಿಹಾಸ ಹಡಗಿನಲ್ಲಿ ಅಲ್ಲ, ಹೆಣ್ಣುಮಕ್ಕಳ ಮೈಯಲ್ಲಿ ನಡೆದದ್ದು.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಬಾಧಿಸುತ್ತಿದ್ದ ಒಂದು ಬಗೆಯ ಘೋರ ರಕ್ತಹೀನತೆಯನ್ನು ಅಭ್ಯಸಿಸಿದರು. ಕಬ್ಬಿಣ ಕೊಟ್ಟರೂ ಅದು ವಾಸಿಯಾಗುತ್ತಿರಲಿಲ್ಲ. ಕೊನೆಗೆ ಫಲ ಕೊಟ್ಟದ್ದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ. ಅದರಲ್ಲಿದ್ದ ಅಜ್ಞಾತ ವಸ್ತುವನ್ನು 1941ರಲ್ಲಿ ಅಮೆರಿಕದ ವಿಜ್ಞಾನಿಗಳು ರಾಶಿಗಟ್ಟಲೆ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು ನ್ಯೂಯಾರ್ಕ್ ಬಳಿಯ ಲೆಡರ್ಲೆ ಸಂಸ್ಥೆಯಲ್ಲಿ ಯಲ್ಲಾಪ್ರಗಡ ಸುಬ್ಬಾರಾವ್ ಅವರ ನೇತೃತ್ವದ ತಂಡ. ಸುಬ್ಬಾರಾವ್ 1895ರಲ್ಲಿ ಭೀಮವರದಲ್ಲಿ ಹುಟ್ಟಿದವರು. ಆಹಾರದ ಸಾರವನ್ನು ಕರುಳು ಹೀರಿಕೊಳ್ಳದಂತೆ ಮಾಡುವ ಸ್ಪ್ರೂ ಎಂಬ ರೋಗಕ್ಕೆ ಸಹೋದರರನ್ನು ಕಳೆದುಕೊಂಡವರು; ತಾವು ತಯಾರಿಸಿದ ಫೋಲಿಕ್ ಆಮ್ಲವೇ ಮುಂದೆ ಆ ರೋಗಕ್ಕೆ ಮದ್ದಾದುದನ್ನು ಕಂಡವರು. 1948ರಲ್ಲಿ ನ್ಯೂಯಾರ್ಕಿನಲ್ಲಿಯೇ ತೀರಿಕೊಂಡರು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಬರುವ ಕೆಲವು ರೈಲುಗಳು ಗುಡಿವಾಡ, ಭೀಮವರದ ದಾರಿಯಲ್ಲಿ ಸುತ್ತಿಕೊಂಡು ಬರುತ್ತವೆ. ಆ ನಿಲ್ದಾಣದಲ್ಲಿ ಎಷ್ಟೋ ಸಲ ಚಹಾ ಕುಡಿದಿದ್ದೇನೆ. ಮಗಳ ಮಾತ್ರೆಯ ಪಟ್ಟಿಯ ಹಿಂಬದಿ ಓದುವ ತನಕ ಆ ಊರು ನನಗೆ ಬರೀ ಭತ್ತ ಮತ್ತು ಸೀಗಡಿಯ ಊರಾಗಿತ್ತು.

ಎಲೆಯ ಹೆಸರನ್ನೇ ಹೊತ್ತ ಈ ವಸ್ತು ಪುಂಡಿಯಲ್ಲಿಯೂ ಇದೆ, ಎಲ್ಲ ಹಸಿರು ಸೊಪ್ಪುಗಳಲ್ಲಿ ಇರುವಂತೆ. ಆದರೆ ಅದೂ ಶಾಖಕ್ಕೆ ಅಳುಕುವಂಥದು. ಎಣ್ಣೆಯಲ್ಲಿ ಬಾಡಿ, ಜಾಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಎಲೆಯಲ್ಲಿ ಅದರ ಪಾಲು ತೀರಾ ಕಡಿಮೆ. ಇನ್ನು ಉಳಿದದ್ದು ಪಿನ್ನಿಗಾರು ಪ್ರಮಾಣ ಮಾಡಿದ ಕಬ್ಬಿಣ. ಕಬ್ಬಿಣವನ್ನು ಬೆಂಕಿ ಏನೂ ಮಾಡದು. ಹಾಗಾದರೆ ಎಲೆಯಲ್ಲಿ ಅದು ಎಷ್ಟಿದೆ?

ಇದಕ್ಕೆ ನಮ್ಮ ದೇಶದಲ್ಲಿ ಒಂದೇ ಅಧಿಕೃತ ವಂಶಾವಳಿ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ತನಿಖೆಗೆಂದು ಒಂದು ಕೋಣೆಯಲ್ಲಿ ಆರಂಭಿಸಿದ ಘಟಕ, ಮುಂದೆ ಪೌಷ್ಟಿಕ ಸಂಶೋಧನಾಲಯವಾಗಿ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ಅದರ ನಿರ್ದೇಶಕರಾಗಿದ್ದ ಆಯ್ಕ್ರಾಯ್ಡ್ 1937ರಲ್ಲಿ ಭಾರತದ ಆಹಾರವಸ್ತುಗಳ ಪೋಷಕಾಂಶಗಳ ಕೋಷ್ಟಕವನ್ನು ಸರ್ಕಾರಿ ಕಿರುಪುಸ್ತಕವಾಗಿ ಹೊರತಂದರು. ಸಿ. ಗೋಪಾಲನ್ ಮತ್ತು ಸಂಗಡಿಗರು 1971ರಲ್ಲಿ ಅದನ್ನು ವಿಸ್ತರಿಸಿದರು. 1989ರಲ್ಲಿ ಪರಿಷ್ಕರಣೆ, 2017ರಲ್ಲಿ ಹೊಸದಾಗಿ ವಿಶ್ಲೇಷಿಸಿದ ಕೋಷ್ಟಕಗಳು. ಹಳೆಯ ಸುತ್ತೋಲೆಗಳನ್ನು ಹೊಸದರೊಡನೆ ಹೋಲಿಸುವ ಚಾಳಿ ಇರುವ ನಾನು ಈ ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ದಂಟಿನ ಸೊಪ್ಪಿನಲ್ಲಿ ನೂರು ಗ್ರಾಮಿಗೆ 25.5 ಮಿಲಿಗ್ರಾಂ ಕಬ್ಬಿಣವೆಂದು ಹಳೆಯ ಪುಸ್ತಕ, 3.49 ಎಂದು ಪರಿಷ್ಕೃತ ಪುಸ್ತಕ. ಪಾಲಕ್ 10.9 ಇದ್ದದ್ದು 1.14ಕ್ಕೆ ಇಳಿದಿದೆ. ಸೊಪ್ಪು ಬದಲಾಗಿರಲಿಲ್ಲ. ಎಲೆಗೆ ಅಂಟಿದ್ದ ಮಣ್ಣಿನ ಕಬ್ಬಿಣವೂ ಹಳೆಯ ಲೆಕ್ಕದಲ್ಲಿ ಸೇರಿಹೋಗಿತ್ತು, ಅಳೆಯುವ ವಿಧಾನಗಳೂ ಒರಟಾಗಿದ್ದವು. ನಮ್ಮ ತಾಯಂದಿರು, ಶಾಲಾ ಶಿಕ್ಷಕರು, ಅಂಗನವಾಡಿಯ ಗೋಡೆಬರಹಗಳು ಇಂದಿಗೂ ಹೇಳುತ್ತಿರುವುದು ಬಹುಮಟ್ಟಿಗೆ ಮಣ್ಣು ಸೇರಿದ ಆ ಹಳೆಯ ಲೆಕ್ಕವನ್ನೇ. ಪರಿಷ್ಕೃತ ಕೋಷ್ಟಕದಲ್ಲಿ ಪುಂಡಿಗೆ ಸಿಕ್ಕ ಅಂಕೆ 2.28. ನಾಚಿಕೆಪಡಬೇಕಾದದ್ದಲ್ಲ, ಮೆರೆಯಬೇಕಾದದ್ದೂ ಅಲ್ಲ.

ಅವ್ವನ ಪಕ್ಷಕ್ಕೂ ಇದೇ ಗತಿ. ನೆಲ್ಲಿಯಲ್ಲಿ ನೂರು ಗ್ರಾಮಿಗೆ 600 ಮಿಲಿಗ್ರಾಂ ವಿಟಮಿನ್ ಸಿ ಎಂದು ಎಲ್ಲ ಕಡೆ ಬರೆಯುತ್ತಾರೆ. ಅದು ಹಳೆಯ ಪುಸ್ತಕದ ಅಂಕೆ. 2017ರ ಕೋಷ್ಟಕದಲ್ಲಿ ಅದು 250ರ ಆಸುಪಾಸಿಗೆ ಬಂದಿದೆ. ಆದರೂ ನಿಂಬೆ, ಕಿತ್ತಳೆಗಳು ಅದರ ಹತ್ತಿರ ಸುಳಿಯಲಾರವು.

ಇನ್ನು ನಮ್ಮ ಮನೆಯ ಲೆಕ್ಕ. ಒಂದು ಭಾನುವಾರ ಪಿನ್ನಿಗಾರು ಪಚ್ಚಡಿ ಹಾಕುವಾಗ ನಾನು ತಕ್ಕಡಿ ಹಿಡಿದು ಕುಳಿತೆ. ಅವರ ನಗುವನ್ನು ಸಹಿಸಿಕೊಂಡು ತೂಗಿ ನೋಡಿದರೆ, ಊಟಕ್ಕೆ ಹಾಕಿಕೊಳ್ಳುವ ಒಂದು ದೊಡ್ಡ ಚಮಚ ಪಚ್ಚಡಿಯಲ್ಲಿ ಸುಮಾರು 30 ಗ್ರಾಂ ಹಸಿ ಎಲೆ ಅಡಗಿತ್ತು. ಅಂದರೆ 0.7 ಮಿಲಿಗ್ರಾಂ ಕಬ್ಬಿಣ. ಮಗಳ ವಯಸ್ಸಿನವರಿಗೆ ದಿನಕ್ಕೆ ಬೇಕಾದದ್ದು 30 ಮಿಲಿಗ್ರಾಂ ಹತ್ತಿರ. ಸಸ್ಯಾಹಾರದ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸಣ್ಣ ಪಾಲು ಮಾತ್ರ ಎಂಬುದನ್ನು ಆ 30ರ ಲೆಕ್ಕದಲ್ಲಿ ಆಗಲೇ ಹಿಡಿದಿರುತ್ತಾರೆ. ಕ್ಯಾಲ್ಸಿಯಂ ಅದೇ ಚಮಚದಲ್ಲಿ 50 ಮಿಲಿಗ್ರಾಂ ಇದ್ದೀತು, ಆದರೆ ಪುಂಡಿಯ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ಅದರಲ್ಲೊಂದು ಪಾಲನ್ನು ಕಟ್ಟಿಹಾಕುತ್ತದೆ. ಪುಂಡಿ ನಿಜವಾಗಿ ಗೆಲ್ಲುವುದು ಯಾರೂ ಅದರ ಪರವಾಗಿ ವಾದಿಸದ ಕಡೆ. ಅದರಲ್ಲಿರುವ ಕ್ಯಾರೋಟಿನ್ ನಮ್ಮ ದೇಹದಲ್ಲಿ ವಿಟಮಿನ್ ಎ ಆಗುವಂಥದು; ವಿಟಮಿನ್ ಸಿಯಷ್ಟು ಸುಲಭವಾಗಿ ಅದು ಬಾಣಲೆಯಲ್ಲಿ ನಾಶವಾಗುವುದಿಲ್ಲ, ಎಣ್ಣೆಯಿದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. 1970ರಲ್ಲಿ ಮಕ್ಕಳ ಕುರುಡುತನ ತಡೆಯಲು ವಿಟಮಿನ್ ಎ ದ್ರವ ಕುಡಿಸುವ ಯೋಜನೆಯನ್ನು ಕೇಂದ್ರ ಸರ್ಕಾರ ಆರಂಭಿಸಿತಲ್ಲ, ಅದರ ಹಿಂದಿದ್ದದ್ದು ಹೈದರಾಬಾದಿನ ಇದೇ ಸಂಸ್ಥೆಯ ಅಧ್ಯಯನಗಳು. ಹಾಲು ತುಪ್ಪ ಕಾಣದ ಕೂಲಿಯ ಮನೆಗಳಲ್ಲಿ ಪಚ್ಚಡಿ ಅನ್ನದ ಒಂದು ಊಟ ಎಷ್ಟೋ ಕಣ್ಣುಗಳಿಗೆ ಸದ್ದಿಲ್ಲದೆ ನೆರವಾಗಿರಬಹುದು.

ನೆಲ್ಲಿಯ ತೊಕ್ಕಿನ ಚಮಚದಲ್ಲಿ ಕಬ್ಬಿಣ ಹೆಸರಿಗೆ ಮಾತ್ರ. ಆದರೆ ವಿಟಮಿನ್ ಸಿ ಅರ್ಧದಷ್ಟು ಉಳಿದಿದ್ದರೂ ಹತ್ತು ಮಿಲಿಗ್ರಾಂ ಹತ್ತಿರ ಆಗುತ್ತದೆ. ಹತ್ತು ಎಂಬುದು ಸಣ್ಣ ಸಂಖ್ಯೆಯಲ್ಲ. ಯುದ್ಧಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಶಸ್ತ್ರ ಹಿಡಿಯಲೊಪ್ಪದ ಶಾಂತಿವಾದಿಗಳು ತಮ್ಮ ದೇಹಗಳನ್ನೇ ಪ್ರಯೋಗಕ್ಕೆ ಕೊಟ್ಟರು. ದಿನಕ್ಕೆ 10 ಮಿಲಿಗ್ರಾಂ ಸಿಕ್ಕರೆ ಸ್ಕರ್ವಿ ವಾಸಿಯಾಗುತ್ತದೆ ಎಂಬುದು ಅವರ ಗಾಯಗಳ ಮೇಲೆ ಸಾಬೀತಾಯಿತು. ಅವ್ವನ ಒಂದು ಚಮಚಕ್ಕೆ ಒಬ್ಬ ನಾವಿಕನನ್ನು ಉಳಿಸುವ ಶಕ್ತಿಯಿತ್ತು. ಜೊತೆಗೆ, ವಿಟಮಿನ್ ಸಿ ಅದೇ ಊಟದ ಸಸ್ಯಮೂಲದ ಕಬ್ಬಿಣ ಮೈಗೆ ಹತ್ತುವಂತೆ ಮಾಡುತ್ತದೆ. "ರಗತ ತಾನ ಆಗ್ತದ" ಎಂಬ ಮಾತು ಈ ಅರ್ಥದಲ್ಲಿ ಸುಳ್ಳಲ್ಲ. ತಟ್ಟೆಯಲ್ಲಿ ಕಬ್ಬಿಣ ಬೇರೆ ಎಲ್ಲಿಂದಲೋ ಬರಬೇಕು, ಅಷ್ಟೆ.

ಹಾಗಾದರೆ ಪಚ್ಚಡಿ, ತೊಕ್ಕು ಎರಡನ್ನೂ ನಾಲ್ಕು ನಾಲ್ಕು ಚಮಚ ತಿಂದರಾಯಿತಲ್ಲ ಎಂದು ಹೆಂಡತಿ ಕೇಳಿದಳು. ಆಗ ಕನ್ನಡದ ಹೆಸರು ನೆನಪಾಯಿತು. ಉಪ್ಪಿನಕಾಯಿಯನ್ನು ವರ್ಷಗಟ್ಟಲೆ ನಿಲ್ಲಿಸುವುದು ಉಪ್ಪು. ಕ್ರಿಮಿಗಳಿಗೆ ಬೇಕಾದ ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಪಿನ್ನಿಗಾರು ಹಾಕಿದ ಉಪ್ಪನ್ನು ಅಳೆದಿದ್ದೆ: ಒಂದು ಚಮಚಕ್ಕೆ ಒಂದೂವರೆಯಿಂದ ಎರಡು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಒಪ್ಪುವುದು 5 ಗ್ರಾಮಿಗಿಂತ ಕಡಿಮೆ. ಬಿಸಿಲಲ್ಲಿ ಬೆವರು ಸುರಿಸಿ ದುಡಿಯುತ್ತಿದ್ದ ನಮ್ಮ ಅಜ್ಜಂದಿರ ಮಾತು ಬೇರೆ. ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತು ರಕ್ತದೊತ್ತಡದ ಮಾತ್ರೆ ನುಂಗುವ ನನ್ನ ಮಾತು ಬೇರೆ. ಉಪ್ಪಿನಕಾಯಿ ಹುಟ್ಟಿದ್ದು ಪೋಷಣೆಗೆಂದಲ್ಲ. ಸೊಪ್ಪು ಸಿಗದ ಬೇಸಿಗೆಯಲ್ಲಿ, ಬರದಲ್ಲಿ, ಬರೀ ಅನ್ನ, ಬರೀ ರೊಟ್ಟಿ ಗಂಟಲಲ್ಲಿ ಇಳಿಯಲೆಂದು. ಆಷಾಢದಲ್ಲಿ ಇಂದ್ರಕೀಲಾದ್ರಿಯ ಕನಕದುರ್ಗೆಗೆ ಶಾಕಂಬರಿ ಅಲಂಕಾರ ಮಾಡುತ್ತಾರೆ. ವಿಜಯವಾಡದಲ್ಲಿದ್ದಷ್ಟು ವರ್ಷವೂ ತಪ್ಪದೆ ನೋಡಿದ್ದೇನೆ. ಬದನೆ, ಹೀರೆ, ಸೊಪ್ಪುಗಳ ರಾಶಿಯಲ್ಲಿ ದೇವಿ ಮುಳುಗಿರುತ್ತಾಳೆ, ಎಲ್ಲವೂ ಆಗತಾನೆ ಕಿತ್ತು ತಂದವು. ಜಾಡಿಯನ್ನು ಯಾರೂ ದೇವಿಗೆ ಏರಿಸುವುದಿಲ್ಲ.

ಆ ವರ್ಷ ಕಾರ್ತಿಕಕ್ಕೆ ಅವ್ವ ವಿಶಾಖಪಟ್ಟಣಕ್ಕೆ ಬಂದಳು. ಪಿನ್ನಿಗಾರು ತಮ್ಮ ಸಂತೆಯ ಗೊಂಗೂರವನ್ನು ಅವಳ ಮುಂದೆ ಸುರಿದರು. ಅವ್ವ ಒಂದು ಎಲೆ ಹರಿದು ಮೂಸಿ, "ಪುಂಡಿನ ಅದ" ಎಂದು ಒಪ್ಪಿಕೊಂಡು, ನುಚ್ಚು ಹಾಕಿ ಪಲ್ಯ ಮಾಡಿದಳು. ನೂರೈವತ್ತು ಗ್ರಾಂ ಎಲೆ ಮಗಳ ಹೊಟ್ಟೆಗೆ ಒಂದೇ ಊಟದಲ್ಲಿ ಹೋಯಿತು, ಪಚ್ಚಡಿಯ ಐದು ಚಮಚಕ್ಕೆ ಸಮ, ಉಪ್ಪು ಮಾತ್ರ ಚಿಟಿಕೆ. ಬದಿಯಲ್ಲಿ ಅರ್ಧ ಚಮಚ ತೊಕ್ಕು. ಊಟವಾದ ತಕ್ಷಣ ಚಹಾ ಕುಡಿಯುವುದನ್ನು ಮನೆಯಲ್ಲಿ ಎಲ್ಲರೂ ಬಿಟ್ಟೆವು, ಚಹಾ ಕಬ್ಬಿಣವನ್ನು ತಡೆಯುತ್ತದೆ ಎಂಬ ಕಾರಣಕ್ಕೆ. ಮಾತ್ರೆ ನಡೆದೇ ಇತ್ತು. ಅದರ ಪಟ್ಟಿಯ ಮೇಲೆ 100 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಭೀಮವರದವರ ಫೋಲಿಕ್ ಆಮ್ಲ. ದೇಶದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ, ಜಾಡಿಯ ಭರವಸೆಯ ಮೇಲೆ ಮಾತ್ರೆ ನಿಲ್ಲಿಸುವ ಧೈರ್ಯ ನನಗಿರಲಿಲ್ಲ.

ಮೂರು ತಿಂಗಳ ನಂತರದ ಚೀಟಿಯಲ್ಲಿ 11.8 ಎಂದಿತ್ತು. ಪಿನ್ನಿಗಾರು ಅದನ್ನು ಕನ್ನಡಕವೇರಿಸಿ ಎರಡು ಸಲ ಓದಿ, ಗೊಂಗೂರ ಎಂದರು. ಅವ್ವ ಫೋನಿನಲ್ಲಿ, ನಾ ಹೇಳಿರ್ಲಿಲ್ಲೇನು ನೆಲ್ಲಿಕಾಯಿ ಅಂತ, ಎಂದಳು. ವೈದ್ಯರು ಮಾತ್ರೆಯನ್ನು ಇನ್ನೂ ಮೂರು ತಿಂಗಳು ಮುಂದುವರಿಸಲು ಬರೆದರು. ಮಗಳನ್ನು ಕೇಳಿದೆ. ಮಾತ್ರೆಯೊಂದನ್ನು ಬಿಟ್ಟು ಉಳಿದೆಲ್ಲ ರುಚಿಯಾಗಿತ್ತು ಎಂದಳು.